ಹನ್ನೊಂದನೇ ಫಾರಂ

ಪುಸ್ತಕ ಕಟ್ಟುವವರು ಪುಸ್ತಕ ಓದುವುದಿಲ್ಲ. ಓದಬಾರದೆಂದೇನೂ ಇಲ್ಲ, ಓದಲಿಕ್ಕೆ ಆಗುವುದಿಲ್ಲ. ಪ್ರೆಸ್ಸಿನಿಂದ ಚಾಪೆಯಷ್ಟು ದೊಡ್ಡ ಹಾಳೆಗಳು ಕಟ್ಟುಕಟ್ಟಾಗಿ ಬರುತ್ತವೆ. ಒಂದೊಂದು ಹಾಳೆಯ ಎರಡೂ ಮಗ್ಗುಲು ಸೇರಿ ಹದಿನಾರು ಪುಟ. ಅದಕ್ಕೆ ಫಾರಂ ಎಂದು ಹೆಸರು. ಬಿಡಿಸಿಟ್ಟ ಹಾಳೆಯಲ್ಲಿ ಪುಟಗಳು ಮುನಿಸಿಕೊಂಡ ನೆಂಟರ ಹಾಗೆ ಎಲ್ಲೆಲ್ಲೋ ಕೂತಿರುತ್ತವೆ. ನಾಲ್ಕರ ಪಕ್ಕ ಹದಿಮೂರು, ಹದಿಮೂರರ ನೆತ್ತಿಯ ಮೇಲೆ ತಲೆಕೆಳಗಾಗಿ ಹನ್ನೆರಡು. ಮೂರು ಸಲ ಮಡಿಸಿದ ಮೇಲೇ ಅವು ತಂತಮ್ಮ ಜಾಗಕ್ಕೆ ಬಂದು ಸಾಲಾಗಿ ನಿಲ್ಲುವುದು. ಮಡಿಸುವವಳಿಗೆ ವಾರವೆಲ್ಲ ಒಂದೇ ಫಾರಂ. ಅದೇ ಹದಿನಾರು ಪುಟ, ಮೂರು ಸಾವಿರ ಸಲ.

ಪಟ್ಟಿಯಕ್ಕ ಹತ್ತೊಂಬತ್ತು ವರ್ಷದಿಂದ ಮಡಿಸುತ್ತಿದ್ದಳು. ಬೆರಳುದ್ದದ ಎಲುಬಿನ ಪಟ್ಟಿಯೊಂದನ್ನು ಹಿಡಿದು ಮಡಿಕೆಯ ಮೇಲೆ ಸರ್ರನೆ ಎಳೆದಳೆಂದರೆ ಕಾಗದ ಮತ್ತೆ ತಲೆ ಎತ್ತುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಆ ಪಟ್ಟಿ ಸೊಂಟದಲ್ಲೇ ಇರುತ್ತಿದ್ದುದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. ನಲವತ್ತಮೂರು ವರ್ಷದವರೆಗೆ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಫಾರಮಿನ ಬೆನ್ನ ಮೇಲಿನ ಕಪ್ಪು ಗುರುತು ನೋಡಿ ಇದು ಎಷ್ಟನೆಯದೆಂದು ಹೇಳುತ್ತಿದ್ದಳು. ಆಮೇಲೆ ದಿನದ ಕೆಲಸ ಮುಗಿಸಿ ಬಂದು ಸಂಜೆ ಶಾಲೆಯ ಬೆಂಚಿನ ಮೇಲೆ ಮೂರು ವರ್ಷ ಕೂತು ಓದಲು ಕಲಿತಳು. ಕಲಿತದ್ದೇ ತಪ್ಪಾಯಿತೇನೋ ಎಂದು ಈಗೀಗ ಅನಿಸುತ್ತಿತ್ತು. ಮೊದಲು ಸಂಜೆಯಾದರೆ ಕೈಯೊಂದು ನೋಯುತ್ತಿತ್ತು. ಈಗ ಕಥೆ ಅರ್ಧಕ್ಕೆ ನಿಂತ ನೋವು ಬೇರೆ.

ಆ ವಾರ ಅವಳ ಮುಂದೆ ಬಂದದ್ದು ಒಬ್ಬ ಹೆಂಗಸಿನ ಜೀವನಚರಿತ್ರೆಯ ಒಂಬತ್ತನೇ ಫಾರಂ. ಮನುಷ್ಯರನ್ನು ದನಕರುಗಳ ಹಾಗೆ ಕೊಂಡು ಮಾರುತ್ತಿದ್ದ ಕಾಲದಲ್ಲಿ ಹೊಳೆಯ ಈಚೆ ದಡದಲ್ಲಿ ಗುಲಾಮಳಾಗಿ ಹುಟ್ಟಿ, ಒಂದು ದಿನ ಯಾರದೋ ದೋಣಿ ಬಿಚ್ಚಿಕೊಂಡು ಆಚೆ ದಡಕ್ಕೆ ಪಾರಾದವಳು. ಪಾರಾಗಿ ಸುಮ್ಮನೆ ಕೂತಳೇ? ಇಲ್ಲ. ಅದೇ ದೋಣಿಯಲ್ಲಿ ಮತ್ತೆ ಮತ್ತೆ ಈಚೆಗೆ ಬಂದು, ಜೊಂಡಿನ ಮರೆಯಲ್ಲಿ ನಿಂತು, ಹಕ್ಕಿಯ ಹಾಗೆ ಮೂರು ಸಲ ಸಿಳ್ಳು ಹಾಕಿ, ಬಂದವರನ್ನೆಲ್ಲ ಕೂರಿಸಿಕೊಂಡು ಹೋಗುತ್ತಿದ್ದಳು. ಪುಸ್ತಕ ಕಟ್ಟುವ ಮನೆಯ ಹೆಂಗಸರೆಲ್ಲ ಅವಳನ್ನು ದೋಣಿಯವಳು ಎಂದೇ ಕರೆಯುತ್ತಿದ್ದರು, ಪಕ್ಕದ ಬೀದಿಯವಳೇನೋ ಎಂಬ ಹಾಗೆ.

ಒಂಬತ್ತನೇ ಫಾರಮಿನ ಕೊನೆಯಲ್ಲಿ ದೋಣಿಯವಳು ತನ್ನ ಸ್ವಂತ ತಂಗಿಯನ್ನು ಕರೆತರಲು ಬಂದಿದ್ದಳು. ತಂಗಿ ದಡಕ್ಕೆ ಬಂದಳು. ಕೈಯಲ್ಲಿ ಗಂಟು ಇರಲಿಲ್ಲ. ‘ನಾನು ಬರುವುದಿಲ್ಲ ಅಕ್ಕ,’ ಎಂದಳು. ಅದಕ್ಕೆ ದೋಣಿಯವಳು—

ಅಲ್ಲಿಗೆ ನೂರನಲವತ್ತನಾಲ್ಕನೇ ಪುಟ ಮುಗಿದಿತ್ತು. ಫಾರಮೂ ಮುಗಿದಿತ್ತು. ಹತ್ತನೇ ಫಾರಂ ಶಾಯಿ ಹರಡಿ ಹಾಳಾಗಿ, ಪ್ರೆಸ್ಸಿನವರು ಅದನ್ನು ಹೊಸದಾಗಿ ಅಚ್ಚು ಹಾಕುತ್ತಿದ್ದರು. ಪಟ್ಟಿಯಕ್ಕ ಒಂದು ಹಾಳೆ ಮಡಿಸಿ ಪಕ್ಕಕ್ಕಿಟ್ಟರೆ ಅದಕ್ಕೆ ದೋಣಿಯವಳು. ಇನ್ನೊಂದು ಮಡಿಸಿದರೆ ಅದಕ್ಕೆ ದೋಣಿಯವಳು. ಬುಧವಾರದ ಹೊತ್ತಿಗೆ ಪಟ್ಟಿ ಎಳೆಯುವ ಸದ್ದು ಬಾಗಿಲವರೆಗೂ ಕೇಳತೊಡಗಿತು.

“ಕಾಗದದ ಮೇಲೆ ಯಾಕೇ ಸಿಟ್ಟು?” ಎಂದಳು ಎದುರಿಗೆ ಕೂತು ಫಾರಂ ಹೊಲಿಯುತ್ತಿದ್ದ ಸೂಜಿಯಮ್ಮ. “ಅದೇನು ನಿನ್ನ ಗಂಡನ ಮನೆಯವರದಾ?”

“ಬರೆದವನು ಅದಕ್ಕೆ ದೋಣಿಯವಳು ಅಂತ ಹೇಳಿ ನಿಲ್ಲಿಸಿಬಿಟ್ಟಿದ್ದಾನೆ ಕಣೇ. ಅದಕ್ಕೆ ದೋಣಿಯವಳು ಏನಂದ್ಲು? ಕೆನ್ನೆಗೆ ಬಾರಿಸಿದ್ಲಾ? ಗದ್ದ ಹಿಡಿದು ಬೇಡ್ಕೊಂಡ್ಲಾ? ಎತ್ತಿ ದೋಣಿಗೆ ಹಾಕ್ಕೊಂಡ್ಲಾ?”

“ಹತ್ತು ಬಂದ್ರೆ ಗೊತ್ತಾಗತ್ತೆ. ಅವಳು ಸತ್ತು ಎಷ್ಟು ಕಾಲ ಆಯ್ತೋ ಏನೋ. ನಿನಗೇನು ಅಷ್ಟು ಅರ್ಜೆಂಟು?”

“ನನಗೆ ಭಾನುವಾರದೊಳಗೆ ಬೇಕು.”

ಸೂಜಿಯಮ್ಮ ತಲೆ ಬಗ್ಗಿಸಿ ದಾರ ಎಳೆದಳು. ಭಾನುವಾರ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಪಟ್ಟಿಯಕ್ಕನಿಗೂ ಒಬ್ಬ ತಂಗಿ. ಹದಿನೇಳು ತುಂಬಿದಾಗ ಊರ ಆಚೆ ಬದಿಯ ಒಂದು ದೊಡ್ಡ ಮನೆಗೆ ಕೂಸು ನೋಡಿಕೊಳ್ಳಲು ಹೋದವಳು. ಆ ಕೂಸು ಬೆಳೆದು, ಮದುವೆಯಾಗಿ, ಬೇರೆ ಮನೆ ಮಾಡಿತು. ತಂಗಿ ಮಾತ್ರ ಅಲ್ಲೇ ಉಳಿದಳು. ಇಪ್ಪತ್ತೆರಡು ವರ್ಷ. ‘ನಮ್ಮ ಮನೆ ಮಗಳ ಹಾಗೆ,’ ಎಂದು ಆ ಮನೆಯ ಅಮ್ಮಾವ್ರು ಬಂದವರಿಗೆಲ್ಲ ಹೇಳುತ್ತಿದ್ದರು. ಮನೆ ಮಗಳು ಮಲಗುತ್ತಿದ್ದುದು ಅಡುಗೆಮನೆಯಾಚೆಯ ಓಣಿಯಲ್ಲಿ, ಪೊರಕೆಗಳ ಪಕ್ಕ. ಅವಳ ಗುರುತಿನ ಚೀಟಿ ಅಮ್ಮಾವ್ರ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಅಮ್ಮಾವ್ರ ದಿಂಬಿನ ಕೆಳಗೆ. ಅಮ್ಮಾವ್ರ ಮಂಚದ ಪಕ್ಕ ಒಂದು ಹಿತ್ತಾಳೆ ಗಂಟೆ. ಅದು ಅಲ್ಲಾಡಿದರೆ ತಂಗಿ ಎಲ್ಲಿದ್ದರೂ ಓಡಬೇಕು. ಭಾನುವಾರ ಮಧ್ಯಾಹ್ನ ಮೂರಕ್ಕೆ ಅಮ್ಮಾವ್ರು ಮಲಗಿದಾಗ ಅಕ್ಕತಂಗಿಯರು ಗೇಟಿನ ಆಚೆ ಒಬ್ಬಳು, ಈಚೆ ಒಬ್ಬಳು ನಿಂತು ಮಾತಾಡಿಕೊಳ್ಳುತ್ತಿದ್ದರು.

ಆ ಗೇಟಿಗೆ ಬೀಗವಾದರೂ ಇದ್ದಿದ್ದರೆ ಪಟ್ಟಿಯಕ್ಕನ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲ. ಬೀಗವಿರಲಿಲ್ಲ. ಒಂದು ಚಿಲಕ, ಅದೂ ಒಳಗಡೆ, ತಂಗಿಯ ಕೈಗೆ ಎಟುಕುವ ಎತ್ತರದಲ್ಲಿ. ‘ಬಾರೇ’ ಎಂದರೆ ತಂಗಿ ‘ಅವರಿಗೆ ಯಾರಿದ್ದಾರೆ ಅಕ್ಕ’ ಎನ್ನುತ್ತಿದ್ದಳು. ಬೈದರೆ ನಗುತ್ತಿದ್ದಳು. ಅತ್ತರೆ ತಾನೂ ಅತ್ತು, ಕಣ್ಣೊರೆಸಿಕೊಂಡು, ‘ಹಾಲು ಒಲೆ ಮೇಲಿದೆ’ ಎಂದು ಒಳಗೆ ಹೋಗುತ್ತಿದ್ದಳು.

ಈಗ ಕಟ್ಟುವ ಮನೆಯಲ್ಲಿ ಪಟ್ಟಿಯಕ್ಕನ ಪಕ್ಕದ ಸ್ಟೂಲು ಖಾಲಿಯಾಗಿತ್ತು. ಅಲ್ಲಿ ಕೂರುತ್ತಿದ್ದವಳು ಮಗಳ ಬಾಣಂತನಕ್ಕೆಂದು ಹೋದವಳು ತಿರುಗಿ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಳು. ಪಟ್ಟಿಯಕ್ಕ ಅವತ್ತೇ ಮೇಸ್ತ್ರಿಯ ಮುಂದೆ ಹೋಗಿ ನಿಂತಿದ್ದಳು.

“ನನ್ನ ತಂಗಿ ಬರ್ತಾಳೆ. ಮಡಿಸೋದು ನಾನೇ ಹೇಳ್ಕೊಡ್ತೀನಿ.”

“ಯಾವ ತಂಗಿ, ಆ ಗೇಟಿನ ತಂಗೀನಾ?” ಎಂದ ಮೇಸ್ತ್ರಿ. ಒಳ್ಳೆಯವನೇ, ಆದರೆ ಅವನಿಗೆ ತಾಳ್ಮೆ ಕಡಿಮೆ. “ನೋಡಕ್ಕಾ, ಹೋದ ವರ್ಷವೂ ಹೀಗೇ ಅಂದೆ. ಅಂಟು ಹಾಕೋ ಜಾಗ ಹದಿನೈದು ದಿನ ಖಾಲಿ ಇಟ್ಕೊಂಡು ಕೂತೆ. ಸೋಮವಾರ ಬೆಳಗ್ಗೆ ಬಂದ್ರೆ ಅವಳು. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ಕೂರಿಸ್ತೀನಿ. ಆಮೇಲೆ ನನ್ನ ಮೇಲೆ ಮುಖ ಊದಿಸ್ಕೋಬೇಡ.”

ಆದ್ದರಿಂದ ಅವಳಿಗೆ ದೋಣಿಯವಳ ಮಾತು ಬೇಕಾಗಿತ್ತು. ತನ್ನ ಹತ್ತಿರ ಇದ್ದ ಮಾತುಗಳನ್ನೆಲ್ಲ ಅವಳು ಆ ಗೇಟಿನ ಮುಂದೆ ಖರ್ಚು ಮಾಡಿಯಾಗಿತ್ತು. ಅಷ್ಟು ಜನರನ್ನು ಹೊಳೆ ದಾಟಿಸಿದವಳು, ಒಡಹುಟ್ಟಿದವಳು ‘ಬರಲ್ಲ’ ಎಂದಾಗ ಏನೋ ಒಂದು ಹೇಳಿಯೇ ಇರುತ್ತಾಳೆ. ಆ ಒಂದು ಮಾತು ಸಿಕ್ಕರೆ ಸಾಕು.

ಶನಿವಾರ ಮಧ್ಯಾಹ್ನ ಗಾಡಿ ಬಂತು. ಹತ್ತನೇ ಫಾರಂ! ಹಮಾಲಿ ಕಟ್ಟುಗಳನ್ನು ಗೋಡೆ ಪಕ್ಕ ಒಟ್ಟಿ ಹೋದ. ಪಟ್ಟಿಯಕ್ಕ ಸ್ಟೂಲು ಬಿಟ್ಟು ಎದ್ದಳು.

“ಎಲ್ಲಿಗೆ?” ಎಂದ ಮೇಸ್ತ್ರಿ. “ಅದು ಸೋಮವಾರಕ್ಕೆ. ಒಣಗಿಲ್ಲ ಇನ್ನೂ. ಕಟ್ಟು ಬಿಚ್ಚೋ ಹಾಗಿಲ್ಲ.”

“ಒಂದೇ ಒಂದು ಹಾಳೆ—”

“ಶಾಯಿ ಮೆತ್ತಿಕೊಂಡ್ರೆ ಮತ್ತೆ ವಾಪಸ್ ಕಳಿಸ್ಬೇಕು. ಅವಾಗ ನೀನೂ ಇಲ್ಲ, ನಿನ್ನ ದೋಣಿಯವಳೂ ಇಲ್ಲ. ಕೂತ್ಕೋ.”

ಕೂತಳು. ಸಂಜೆ ಎಲ್ಲರೂ ಕೈ ತೊಳೆಯಲು ಹೋದಾಗ ಮತ್ತೆ ಎದ್ದು ಹೋದಳು. ಮೇಲಿನ ಕಟ್ಟಿನ ಹೊದಿಕೆ ಒಂದು ಕಡೆ ಹರಿದಿತ್ತು. ಹರುಕಿನಲ್ಲಿ ಅಕ್ಕಪಕ್ಕದ ಎರಡು ಪುಟ ಕಾಣುತ್ತಿದ್ದವು. ಕೆಳಗಿನ ಅಂಚು ಹಗ್ಗದಡಿ ಸಿಕ್ಕಿ ಪುಟದ ಅಂಕಿ ಮುಚ್ಚಿಹೋಗಿತ್ತು. ಅವಳು ಬೆರಳಿಟ್ಟು ಓದಿದಳು. ಎಡ ಪುಟದ ಕೊನೆಯ ಸಾಲು: ‘ತಂಗಿ ನೀರಿನ ಅಂಚಿನವರೆಗೂ ಬಂದಳು. ದೋಣಿಯವಳು ಕೈ ಚಾಚಿ’. ಬಲ ಪುಟದ ಮೊದಲ ಸಾಲುಗಳು: ‘ಹೇಳಿದಳು, ನಿನ್ನನ್ನು ಬಿಡಿಸಲೆಂದು ನಾನು ಬಂದಿಲ್ಲ. ಒಬ್ಬಳೇ ಹುಟ್ಟು ಹಾಕಿ ನನ್ನ ತೋಳು ಸೋತಿದೆ. ಇನ್ನೊಂದು ಹುಟ್ಟಿಗೆ ಆಳು ಬೇಕು, ಬಾ. ಆ ಮಾತಿಗೆ ಅವಳು ಮರುಮಾತಾಡದೆ ದೋಣಿ ಹತ್ತಿದಳು.’

ಪಟ್ಟಿಯಕ್ಕ ಅದನ್ನು ಎರಡು ಸಲ ಓದಿದಳು. ಇಷ್ಟೇನಾ! ಬಾ ನಿನ್ನನ್ನು ಉಳಿಸುತ್ತೇನೆ ಎನ್ನಬಾರದು, ನನಗೆ ನೀನು ಬೇಕು ಎನ್ನಬೇಕು. ಯಾರಾದರೂ ಕರೆದರೆ ಸಾಕು ಓಡುವುದೇ ಅಭ್ಯಾಸವಾದವಳನ್ನು ಹಾಗೆಯೇ ಕರೆಯಬೇಕು. ಇಪ್ಪತ್ತೆರಡು ವರ್ಷದಿಂದ ತನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಭಾನುವಾರ ಮೂರು ಗಂಟೆಗೆ ಸರಿಯಾಗಿ ಗೇಟಿನ ಮುಂದೆ ನಿಂತಳು. ತಂಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

“ನಿನ್ನನ್ನ ಕರ್ಕೊಂಡು ಹೋಗಿ ಉದ್ಧಾರ ಮಾಡೋಕೆ ಬಂದಿಲ್ಲ ಕಣೇ,” ಎಂದಳು ಪಟ್ಟಿಯಕ್ಕ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. “ಒಬ್ಬಳೇ ಮಡಿಸಿ ಮಡಿಸಿ ತೋಳು ಸೋತುಹೋಗಿದೆ. ಪಕ್ಕದ ಸ್ಟೂಲಿಗೆ ಆಳು ಬೇಕು. ಬಾ.”

ತಂಗಿಯ ಮುಖ ಬದಲಾಯಿತು. ಪಟ್ಟಿಯಕ್ಕ ಗೇಟಿನ ಸರಳು ಹಿಡಿದು ಮುಂದೆ ಬಾಗಿದಳು.

“ತೋಳಾ? ಯಾವ ತೋಳು ಅಕ್ಕ? ಎಷ್ಟು ದಿನದಿಂದ? ಮೊದಲೇ ಹೇಳೋಕಾಗಲ್ವಾ ನಿನಗೆ?” ಎಂದವಳೇ ತಂಗಿ ಒಳಗೆ ಓಡಿದಳು. ಬಟ್ಟೆಬರೆ ತರಲು ಹೋದಳೆಂದು ಪಟ್ಟಿಯಕ್ಕ ಚಿಲಕದ ಕಡೆ ನೋಡುತ್ತ ನಿಂತಳು. ತಂಗಿ ತಿರುಗಿ ಬಂದಾಗ ಅವಳ ಕೈಯಲ್ಲಿದ್ದುದು ಒಂದು ಸಣ್ಣ ಬಾಟಲಿ. “ಅಮ್ಮಾವ್ರ ಮಂಡಿ ನೋವಿನ ಎಣ್ಣೆ. ಸ್ವಲ್ಪ ಬಗ್ಗಿಸ್ಕೊಂಡು ಬಂದೆ. ಬಿಸಿ ಮಾಡಿ ತಿಕ್ಕು. ಮೇಲಿಂದ ಕೆಳಗೆ ತಿಕ್ಬೇಕು, ಕೆಳಗಿಂದ ಮೇಲಲ್ಲ.”

“ನಾನು ಎಣ್ಣೆ ಕೇಳಿದ್ನೇನೇ?”

“ಹಟ ಮಾಡ್ಬೇಡ, ಇಟ್ಕೋ.”

ಒಳಗೆ ಗಂಟೆ ಅಲ್ಲಾಡಿತು. ತಂಗಿ ಬಾಟಲಿಯನ್ನು ಸರಳುಗಳ ನಡುವಿಂದ ಅಕ್ಕನ ಕೈಗೆ ತುರುಕಿ ಹೋಗಿಯೇಬಿಟ್ಟಳು. ಪಟ್ಟಿಯಕ್ಕ ಬಸ್ಸಿನಲ್ಲಿ ಆ ಬಾಟಲಿಯನ್ನು ಕಿಟಕಿಯಿಂದ ಎಸೆಯಲು ಎರಡು ಸಲ ಕೈ ಎತ್ತಿದಳು. ಎಸೆಯಲಿಲ್ಲ. ತೋಳು ನಿಜಕ್ಕೂ ನೋಯುತ್ತಿತ್ತು.

ಸೋಮವಾರ ಹತ್ತನೇ ಫಾರಮಿನ ಮೊದಲ ಹಾಳೆ ಮಡಿಸಿ, ಪಟ್ಟಿ ಎಳೆದು, ಅವಳು ನೂರನಲವತ್ತೈದನೇ ಪುಟ ತೆರೆದಳು. ‘ಅದಕ್ಕೆ ದೋಣಿಯವಳು’ ಎಂಬುದರ ಮುಂದಿನ ಮಾತು ಅಲ್ಲಿತ್ತು: ‘ಏನೂ ಹೇಳಲಿಲ್ಲ.’

ಪಟ್ಟಿಯಕ್ಕ ಕಣ್ಣುಜ್ಜಿಕೊಂಡಳು. ಏನೂ ಹೇಳಲಿಲ್ಲ! ಮಾತಾಡಿದ್ದೆಲ್ಲ ತಂಗಿಯೇ. ಯಜಮಾನಿಯ ಕೂಸಿಗೆ ಜ್ವರ, ಅದು ನನ್ನನ್ನು ಬಿಟ್ಟರೆ ಯಾರ ಕೈಯಲ್ಲೂ ಔಷಧಿ ಕುಡಿಯುವುದಿಲ್ಲ, ಈ ಸಲ ಆಗದು, ಮುಂದಿನ ಸಲ ನೋಡೋಣ ಎಂದು ಮೂರು ಪುಟದಷ್ಟು. ನೂರನಲವತ್ತೆಂಟರ ಕೊನೆಗೆ ದೋಣಿಯವಳು ಕೈ ಚಾಚಿದಳು. ನೂರನಲವತ್ತೊಂಬತ್ತರಲ್ಲಿ ‘ಎಷ್ಟು ಹೊತ್ತು ಕಾದರೂ ತಂಗಿ ಆ ಕೈ ಹಿಡಿಯಲಿಲ್ಲ’. ದೋಣಿ ಖಾಲಿ ಹೋಯಿತು. ಹುಟ್ಟಿಗೆ ಆಳು ಬೇಕು ಎಂಬ ಮಾತು ಬಂದದ್ದು ನೂರೈವತ್ತೇಳರಲ್ಲಿ. ಅದನ್ನು ಹೇಳಿದ್ದು ಬೇರೆ ಯಾವುದೋ ತೋಟದ ಅಡುಗೆಯವಳಿಗೆ, ಮತ್ಯಾವುದೋ ವರ್ಷ.

ನಾಲ್ಕರ ಪಕ್ಕ ಹದಿಮೂರು. ಮೊದಲ ದಿನ ಕೆಲಸಕ್ಕೆ ಬಂದವಳಿಗೂ ಅವಳೇ ಹೇಳಿಕೊಡುವ ಪಾಠ ಅದು. ಬಿಡಿಸಿದ ಹಾಳೆಯಲ್ಲಿ ಪಕ್ಕದ ಪುಟ ಮುಂದಿನ ಪುಟವಲ್ಲ ಎಂದು ಕೈಗೆ ಹತ್ತೊಂಬತ್ತು ವರ್ಷದಿಂದ ಗೊತ್ತು. ಕಣ್ಣಿಗೆ ಮಾತ್ರ ಎಲ್ಲಿಲ್ಲದ ಅವಸರವಾಗಿತ್ತು.

“ಏನಾಯ್ತು?” ಎಂದಳು ಸೂಜಿಯಮ್ಮ.

ಪಟ್ಟಿಯಕ್ಕ ಹೇಳಿದಳು. ಸೂಜಿಯಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಡುಗೆಯವಳಿಗೆ ಹೇಳಿದ್ದನ್ನ ತಗೊಂಡು ಹೋಗಿ ತಂಗಿಗೆ ಹೇಳಿದ್ಯಾ! ಅದಕ್ಕೇ ಎಣ್ಣೆ ಸಿಕ್ಕಿದ್ದು. ಇನ್ನೊಂದು ಪುಟ ಓದಿದ್ರೆ ಊಟಾನೂ ಹಾಕಿ ಕಳಿಸ್ತಿದ್ಲು.”

“ನಗು. ನಿನಗೇನು, ನಗು,” ಎಂದಳು ಪಟ್ಟಿಯಕ್ಕ. ಅವಳಿಗೆ ತನ್ನ ಮೇಲೆ ಸಿಟ್ಟು, ತಂಗಿಯ ಮೇಲೆ ಸಿಟ್ಟು, ಆ ಪುಸ್ತಕದ ತಂಗಿಯ ಮೇಲಂತೂ ಹೇಳಲಾರದಷ್ಟು ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ದೋಣಿಯವಳ ಮೇಲೆ. ಊರಿಗೆಲ್ಲ ಮಾತಾಡಿದವಳಿಗೆ ಸ್ವಂತ ತಂಗಿಯ ಮುಂದೆ ಬಾಯಿ ಕಟ್ಟಿತೇ? ಹಾಗಾದರೆ ನನಗೂ ನಿನಗೂ ಏನು ವ್ಯತ್ಯಾಸ?

ಫಾರಮಿನ ಕಟ್ಟಕಡೆಯ ಪುಟದಲ್ಲಿ ದೋಣಿಯವಳು ಮರುವರ್ಷ ಮತ್ತೆ ಅದೇ ಜೊಂಡಿನ ಮರೆಗೆ ಬಂದಿದ್ದಳು. ‘ಮೂರು ಸಲ ಸಿಳ್ಳು ಹಾಕಿದಳು. ದಡದ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಜೊಂಡು ಸರಿಸಿಕೊಂಡು ಬಂದದ್ದು’—

ಮತ್ತೆ ಮುಗಿದಿತ್ತು. ಪಟ್ಟಿಯಕ್ಕ ಫಾರಮನ್ನು ಮೇಜಿನ ಮೇಲೆ ಬಡಿದಳು.

“ಮೇಸ್ತ್ರಿಗಳೇ! ಹನ್ನೊಂದು ಯಾವಾಗ ಬರತ್ತೆ?”

“ಮುಂದಿನ ವಾರ, ಬುಧವಾರ. ಅವರ ಮಷೀನು ಕೆಟ್ಟಿದೆಯಂತೆ.” ಮೇಸ್ತ್ರಿ ಖಾಲಿ ಸ್ಟೂಲಿನ ಕಡೆ ನೋಡಿದ. ಆಮೇಲೆ ಅವಳ ಮುಖ ನೋಡಿದ. ಬೆಳಗಿನಿಂದ ಅದರ ಸುದ್ದಿ ಅವನು ಎತ್ತಿರಲಿಲ್ಲ. “ಅಲ್ಲಿಯವರೆಗೆ ಹೊಸಬರಿಗೆ ಕೊಡೋಕೆ ನನ್ನ ಹತ್ರ ಕೆಲಸಾನೂ ಇಲ್ಲ. ಬುಧವಾರದ ತನಕ ಅದು ಖಾಲಿ ಇದ್ರೂ ನನಗೇನೂ ನಷ್ಟ ಇಲ್ಲ ಬಿಡು.”

ಪಟ್ಟಿಯಕ್ಕ ಆ ವಾರವೆಲ್ಲ ‘ಬಂದದ್ದು’ ಎಂಬಲ್ಲಿಗೆ ಬಂದು ನಿಲ್ಲುವ ಫಾರಂ ಮಡಿಸಿದಳು. ಗುರುವಾರದ ಹೊತ್ತಿಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಯಾರು ಬಂದರು? ತಂಗಿಯೇ? ತಂಗಿಯನ್ನು ಕೊಂಡವನೇ? ಗೊತ್ತಾಗದೆ ಮನಸ್ಸು ಹಲ್ಲಿನಲ್ಲಿ ನಾರು ಸಿಕ್ಕವರ ಹಾಗೆ ಒದ್ದಾಡುತ್ತಿತ್ತು. ಶುಕ್ರವಾರ ಹಾಗೆ ಒದ್ದಾಡುತ್ತಿರುವಾಗಲೇ ಅವಳ ಕೈ ಗಕ್ಕನೆ ನಿಂತಿತು. ಪಟ್ಟಿ ಅರ್ಧ ಮಡಿಕೆಯ ಮೇಲೇ ಉಳಿಯಿತು. ಎದ್ದು ಹೋಗಿ ಮೇಸ್ತ್ರಿಯ ಹತ್ತಿರ ಹಾಳು ಹಾಳೆ ಕೇಳಿದಳು. ಒಂಬತ್ತನೆಯದೊಂದು, ಹತ್ತನೆಯದೊಂದು. ಹಾಳು ಹಾಳೆಗೆ ಲೆಕ್ಕವಿಲ್ಲ. ಅವನು ಕೊಟ್ಟ.

ಭಾನುವಾರ ತಂಗಿ ಬೆಳ್ಳುಳ್ಳಿ ಬುಟ್ಟಿ ಹಿಡಿದೇ ಗೇಟಿಗೆ ಬಂದಳು. “ತೋಳು ಹೇಗಿದೆ?”

“ಇದೆ. ಕೂತ್ಕೋ, ಒಂದು ಕಥೆ ಓದ್ತೀನಿ.”

“ಇವತ್ತು ಬಯ್ಯಲ್ವಾ?”

“ಇಲ್ಲ.”

ತಂಗಿ ಅನುಮಾನದಿಂದಲೇ ಒಳಗಿನ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. ಪಟ್ಟಿಯಕ್ಕ ಹೊರಗೆ ಕಲ್ಲಿನ ಮೇಲೆ ಕೂತು, ಮಡಿಸಿದ ಎರಡೂ ಫಾರಮುಗಳನ್ನು ಮೊದಲ ಪುಟದಿಂದ, ಒಂದೂ ಪುಟ ಬಿಡದೆ, ಬೆರಳಿಟ್ಟು ಓದಿದಳು. ಅವಳ ಓದು ನಿಧಾನ. ಕಷ್ಟದ ಶಬ್ದ ಬಂದರೆ ಎರಡು ಸಲ ಎಡವುತ್ತಿದ್ದಳು. ಆದರೆ ಈ ಪುಟಗಳನ್ನು ಅವಳ ಕೈ ಸಾವಿರ ಸಲ ದಾಟಿತ್ತು.

ಪುಸ್ತಕದ ತಂಗಿ ಬರುವುದಿಲ್ಲ ಎಂದಾಗ ಈ ತಂಗಿ ತಲೆಯಾಡಿಸಿದಳು. “ಮತ್ತೆ? ಜ್ವರ ಬಂದ ಕೂಸನ್ನ ಬಿಟ್ಟು ಹೇಗೆ ಬರ್ತಾಳೆ?” ಎಂದಳು. ಪಟ್ಟಿಯಕ್ಕ ಹಲ್ಲು ಕಚ್ಚಿಕೊಂಡು ಮುಂದೆ ಓದಿದಳು. ದೋಣಿ ಖಾಲಿ ಹೋದಾಗ ತಂಗಿಯ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು. ಅಡುಗೆಯವಳು ಹುಟ್ಟು ಹಿಡಿದು, ಸೌಟು ತಿರುಗಿಸಿದ ಹಾಗೆ ತಿರುಗಿಸಿ, ದೋಣಿ ಇದ್ದಲ್ಲೇ ಗಿರಗಿರನೆ ಸುತ್ತಿದಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಒಳಗೆ ಗಂಟೆ ಅಲ್ಲಾಡಿತು.

“ಬಂದೇ ಅಮ್ಮಾವ್ರೇ, ಒಂದ್ನಿಮಿಷ!” ಎಂದು ಕೂಗಿದ ತಂಗಿ ಏಳಲಿಲ್ಲ. “ನೀನು ಓದು, ಬೇಗ.”

“ಮೂರು ಸಲ ಸಿಳ್ಳು ಹಾಕಿದಳು,” ಓದಿದಳು ಪಟ್ಟಿಯಕ್ಕ. “ದಡದ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಜೊಂಡು ಸರಿಸಿಕೊಂಡು ಬಂದದ್ದು.” ಫಾರಮನ್ನು ಮಡಿಸಿ ಚೀಲಕ್ಕೆ ಹಾಕಿದಳು.

“ಬಂದದ್ದು ಯಾರು?”

“ಫಾರಂ ಮುಗೀತು.”

“ಮುಗೀತು ಅಂದ್ರೆ? ತಂಗಿ ಬಂದ್ಲೋ ಇಲ್ವೋ?”

“ಅದು ಹನ್ನೊಂದನೇ ಫಾರಮಲ್ಲಿದೆ.”

“ಎಲ್ಲಿ ಅದು, ತೆಗಿ.”

“ನನ್ನ ರೂಮಲ್ಲಿದೆ,” ಎಂದು ಪಟ್ಟಿಯಕ್ಕ ಎದ್ದು ಸೀರೆ ಕೊಡವಿಕೊಂಡಳು. “ಬೇಕಾದ್ರೆ ಬಂದು ಕೇಳು.”

“ಅಕ್ಕ! ಬಾಯಲ್ಲಾದ್ರೂ ಹೇಳೇ!”

“ಬಾಯಲ್ಲಿ ಹೇಳೋಕೆ ಬರಲ್ಲ ನನಗೆ. ಓದೋಕೆ ಮಾತ್ರ ಬರೋದು.”

ಗಂಟೆ ಮತ್ತೆ ಅಲ್ಲಾಡಿತು. ಪಟ್ಟಿಯಕ್ಕ ತಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ನಡೆದಳು. ಹಿಂದಿನಿಂದ ತಂಗಿಯ ಬೈಗುಳ ಕೇಳುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಂಗಿ ಬೈದದ್ದನ್ನು ಅವಳು ಕೇಳಿರಲಿಲ್ಲ. “ಅರ್ಧಕ್ಕೆ ಬಿಟ್ಟು ಹೋಗ್ತಾರಾ ಯಾರಾದ್ರೂ? ಮನುಷ್ಯಳಾ ನೀನು? ರಾತ್ರಿಯೆಲ್ಲ ನಾನು ನಿದ್ದೆ ಮಾಡೋದು ಬೇಡ್ವಾ?”

ಸ್ಟಾಪಿನಲ್ಲಿ ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ಸುಮ್ನೆ ಮುಖ ನೋಡ್ಬೇಡಿ,” ಎಂದು ಸಿಡುಕಿದ. ಅದೂ ಹೋಯಿತು. ಇದೂ ಎಣ್ಣೆ ಬಾಟಲಿಯ ಕಥೆಯೇ ಆಯಿತು ಎಂದುಕೊಂಡಳು ಪಟ್ಟಿಯಕ್ಕ. ನನಗೆ ಬುದ್ಧಿಯಿಲ್ಲ. ಅವಳಿಗೆ ಬರುವ ಮನಸ್ಸಿಲ್ಲ. ಸೋಮವಾರ ಹೋಗಿ ಆ ಸ್ಟೂಲಿಗೆ ಯಾರನ್ನು ಬೇಕಾದರೂ ಕರೆದುಕೋ ಎಂದು ಮೇಸ್ತ್ರಿಗೆ ಹೇಳಿಬಿಡಬೇಕು.

ಮೂರನೇ ಬಸ್ಸು ತಿರುವಿನಲ್ಲಿ ಕಂಡಾಗ ಹಿಂದೆ ಚಪ್ಪಲಿ ಸದ್ದಾಯಿತು. ತಂಗಿ ಏದುಸಿರು ಬಿಡುತ್ತ ಬಂದಳು. ಕಾಲಲ್ಲಿ ಬಚ್ಚಲಿನ ಚಪ್ಪಲಿ. ಸೊಂಟದ ಮೇಲೆ ಬೆಳ್ಳುಳ್ಳಿ ಬುಟ್ಟಿ ಹಾಗೇ ಇತ್ತು.

“ಕೇಳ್ಕೊಂಡು ತಕ್ಷಣ ವಾಪಸ್ ಬರ್ತೀನಿ, ಅಷ್ಟೇ,” ಎಂದಳು, ಮುಖ ಇನ್ನೂ ಕೆಂಪಾಗಿಯೇ ಇತ್ತು. “ಏಳು ಗಂಟೆಗೆ ಅಮ್ಮಾವ್ರಿಗೆ ಮಾತ್ರೆ ಕೊಡ್ಬೇಕು.”

“ಬಸ್ಸು ಹತ್ತು.”

ಬಸ್ಸಿನಲ್ಲಿ ತಂಗಿ ಕಿಟಕಿಯ ಪಕ್ಕ ಕೂತಳು. ಬಹಳ ದಿನದ ಮೇಲೆ ಊರು ನೋಡುವವಳ ಹಾಗೆ ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ ಕೈ ಖಾಲಿ ಬಿಟ್ಟು ಗೊತ್ತಿಲ್ಲದ್ದರಿಂದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಲಿಯತೊಡಗಿದಳು.

“ಆ ಹನ್ನೊಂದನೇದು ನಿನ್ನ ಹತ್ರ ಇದೆ ತಾನೇ?” ಎಂದಳು ತಲೆ ಎತ್ತದೆ.

“ಇದೆ ಅಂದೆನಲ್ಲ,” ಎಂದು ಪಟ್ಟಿಯಕ್ಕ ಬುಟ್ಟಿಯಿಂದ ಒಂದು ಹಿಡಿ ಬೆಳ್ಳುಳ್ಳಿ ತೆಗೆದುಕೊಂಡು ತಾನೂ ಸುಲಿಯಲು ಕೂತಳು. ಬುಧವಾರಕ್ಕೆ ಇನ್ನೂ ಮೂರು ದಿನವಿತ್ತು.